ರಣಹದ್ದಿನ ಹಸಿವು

ಮೂರು ದಿನದಿಂದ ಏನೂ ಸಿಗದೆ ಅಲೆಯುತ್ತಿದ್ದ ಮುದಿ ರಣಹದ್ದಿಗೆ ಒಂದು ಬೆಳಿಗ್ಗೆ ಕೆರೆಯ ಕೆಸರಿನಲ್ಲಿ ಹೂತುಹೋಗಿದ್ದ ಆನೆಮರಿ ಕಂಡಿತು. ಅದು ಹತ್ತಿರದ ಬಂಡೆಯ ಮೇಲೆ ಇಳಿದು ಕೂತಿತು.

"ನನ್ನನ್ನು ತಿನ್ನಲು ಬಂದೆಯಾ?" ಎಂದಿತು ಮರಿ.

"ಹೆದರಬೇಡ. ಹುಟ್ಟಿದಾಗಿನಿಂದ ನಾನು ಒಂದು ಜೀವವನ್ನೂ ಕೊಂದವನಲ್ಲ. ಸತ್ತದ್ದನ್ನು ಮಾತ್ರ ತಿನ್ನುತ್ತೇನೆ," ಎಂದಿತು ಹದ್ದು ಹೆಮ್ಮೆಯಿಂದ.

"ಹಾಗಾದರೆ ಗುಡ್ಡದಾಚೆ ಹುಡುಕುತ್ತಿರುವ ನನ್ನ ಅಮ್ಮನಿಗೆ ನಾನಿಲ್ಲಿದ್ದೇನೆಂದು ಹೇಳುತ್ತೀಯಾ?"

ಹದ್ದು ರೆಕ್ಕೆ ಮಡಚಿ ಬಂಡೆಯ ಮೇಲೆಯೇ ಕೂತಿತು. ಬಿಸಿಲೇರಿತು, ಮರಿಯ ಕೂಗು ಸಣ್ಣದಾಯಿತು. ಹದ್ದಿಗೆ ಕೂತಲ್ಲಿ ಕೂರಲಾಗಲಿಲ್ಲ. ಬಂಡೆಯಿಂದ ಮರಕ್ಕೆ, ಮರದಿಂದ ಬಂಡೆಗೆ ಹಾರಿತು. ತಾನು ಮುಟ್ಟಿಯೂ ಇಲ್ಲವೆಂದು ಎಷ್ಟು ಸಲ ಹೇಳಿಕೊಂಡರೂ, ಮರಿ ಸಾಯಲೆಂದೇ ಕಾಯುತ್ತಿದ್ದೇನೆ ಎಂಬುದು ಮನಸ್ಸಿನಿಂದ ಹೋಗಲಿಲ್ಲ. ಕೊನೆಗೆ ಸಂಜೆಯ ಹೊತ್ತಿಗೆ ಗುಡ್ಡ ದಾಟಿ ಸುದ್ದಿ ಮುಟ್ಟಿಸಿತು.

ಆನೆಗಳು ಓಡಿಬಂದು ಮರಿಯನ್ನು ದಡಕ್ಕೆ ಎಳೆದುಹಾಕಿದವು. ತಾಯಿಯಾನೆ ಸೊಂಡಿಲೆತ್ತಿ ನಮಸ್ಕರಿಸಿತು.

"ದೊಡ್ಡ ಉಪಕಾರವಾಯಿತು, ಹದ್ದಪ್ಪ. ಇವನನ್ನು ಯಾವಾಗ ಕಂಡೆ?"

ಹದ್ದಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಬೆಳಿಗ್ಗೆಯೇ," ಎಂದಿತು.

ತಾಯಿಯಾನೆ ಮುಳುಗುತ್ತಿದ್ದ ಸೂರ್ಯನನ್ನು ಒಮ್ಮೆ ನೋಡಿ, ಎತ್ತಿದ ಸೊಂಡಿಲನ್ನು ಕೆಳಗಿಳಿಸಿತು. ಹದ್ದು ಹಸಿದ ಹೊಟ್ಟೆಯಲ್ಲೇ ಅಲ್ಲಿಂದ ಹಾರಿತು.