ಏಳು ತಿಂಗಳ ಬತ್ತಾಸು

ಕಪಿಲೆಯ ದಡದಲ್ಲಿ, ಸ್ನಾನಘಟ್ಟದಿಂದ ಹತ್ತು ಹೆಜ್ಜೆ ಆಚೆ, ಕಾಳಾಚಾರಿ ಅಂತ ಒಬ್ಬ ಬೆಳ್ಳಿ ಕೆಲಸದವನಿದ್ದ. ಕಲ್ಲು ಕೂರಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಹೆಂಡತಿ ಬಿಟ್ಟು ಹೋಗಿ ಇಪ್ಪತ್ತು ವರ್ಷವಾಗಿತ್ತು. ಯಾಕೆ ಹೋದಳು ಅನ್ನುವುದು ನನಗೆ ಗೊತ್ತು. ಈಗ ಬೇಡ.

ಮೂವತ್ತು ಜನ ಶಿಷ್ಯರು ಬಂದರು, ಅರ್ಧಂಬರ್ಧ ಕಲಿತರು, ಪೇಟೆಯಲ್ಲಿ ಅಂಗಡಿ ಹಾಕಿದರು. ಒಬ್ಬನೂ ತಿರುಗಿ ನೋಡಲಿಲ್ಲ. ಮುದುಕನಿಗೆ ಕಲಿಸಿ ಕಲಿಸಿ ಸಾಕಾಗಿತ್ತು.

ಅಂಥ ಹೊತ್ತಿಗೆ ಚೆಲುವಿ ಬಂದಳು.

ಮದುವೆಯಾಗಿ ಒಂಬತ್ತು ವರ್ಷ. ಮಕ್ಕಳಿಲ್ಲ. ಅತ್ತೆ ಪುಟ್ಟನಂಜಮ್ಮ ಮಗನಿಗೆ ಇನ್ನೊಂದು ಹೆಣ್ಣು ಗೊತ್ತು ಮಾಡಿದಳು. ಗಂಡ ಅನ್ನಿಸಿಕೊಂಡವನು ತಲೆ ಬಗ್ಗಿಸಿಕೊಂಡು ಮುದ್ದೆ ನುಂಗುತ್ತಿದ್ದನಂತೆ. ಇವಳು ಉಟ್ಟ ಸೀರೆಯಲ್ಲೇ ಹೊರಟುಬಂದಳು.

"ಕಲ್ಲು ಕೂರಿಸೋದು ಕಲಿಸಿ, ಗುರುಗಳೇ."

"ಕಲ್ಲು ತಂದಿದ್ದೀಯಾ?"

"ಇಲ್ಲ."

"ಬೆಳ್ಳಿ?"

ಕಾಲುಚೈನು ಬಿಚ್ಚಿ ಮುಂದಿಟ್ಟಳು. "ಇದೊಂದೇ. ಇದು ಮುಗಿದರೆ ನಾನೂ ಮುಗಿದೆ."

"ಈ ವಯಸ್ಸಲ್ಲಿ ಯಾಕವ್ವ ಇದೆಲ್ಲ?"

"ಇನ್ನು ಯಾರ ಮನೆ ಹೊಸ್ತಿಲಲ್ಲೂ ಕೈಯೊಡ್ಡಿ ನಿಲ್ಲಬಾರದು, ಅದಕ್ಕೆ."

ಆಚಾರಿ ಆಕಳಿಸಿದ.

"ಅಂಗಡಿಗೆ ಹೋಗಿ ಒಂದು ಪೊಟ್ಟಣ ಬತ್ತಾಸು ತಾ," ಅಂದ.

ತಂದಳು. ಚೈನಿನಿಂದ ಮೂರೇ ಮೂರು ಕೊಂಡಿ ಬಿಚ್ಚಿಸಿದ. ಕರಗಿಸಿ, ಬಡಿದು, ಒಂದು ಉಂಗುರ, ಒಂದು ತೆಳ್ಳನೆ ಪಟ್ಟಿ ಮಾಡಿಸಿದ. ಪಟ್ಟಿಯನ್ನು ಬಳೆಯ ಹಾಗೆ ಬಗ್ಗಿಸಿ ಉಂಗುರದ ಮೇಲೆ ಬೆಸುಗೆ ಹಾಕಿಸಿದ. ಕಲ್ಲು ಕೂರುವ ಆ ಪುಟ್ಟ ಗೋಡೆಗೆ ಅವರ ಕಸುಬಿನಲ್ಲಿ ಮನೆ ಅಂತಾರೆ.

ಒತ್ತುವುದಕ್ಕೆ ಉಳಿ ಬೇಕಲ್ಲ? ಮುರಿದ ಕೊಡೆಯ ಕಡ್ಡಿ ಮಸೆದು ಕೈಗೆ ಕೊಟ್ಟ.

"ಮನೆಯೊಳಗೆ ಬತ್ತಾಸು ಕೂರಿಸು. ಗೋಡೆ ಅದರ ಮೇಲೆ ಬಾಗಬೇಕು. ಬತ್ತಾಸು ಒಡೀಬಾರದು."

"ಬತ್ತಾಸೇ?"

"ಕೆಳಗೆ ಚಪ್ಪಟೆ, ಮೇಲೆ ಗುಂಡು. ಕಲ್ಲು ಇನ್ನು ಹೇಗಿರುತ್ತೆ? ಅದು ನಿನ್ನ ತಪ್ಪು ಒಂದಷ್ಟು ಸಹಿಸ್ಕೊಳ್ಳುತ್ತೆ. ಇದು ಸಹಿಸಲ್ಲ. ಅಗ್ಗದ್ದು, ಆದರೆ ಸುಳ್ಳು ಹೇಳಲ್ಲ."

ಒತ್ತಿದಳು. ಪುಡಿಯಾಯಿತು.

"ಕರಗಿಸು," ಅಂದ ಆಚಾರಿ.

ಅದೇ ಮೂರು ಕೊಂಡಿಯ ಬೆಳ್ಳಿ. ಕರಗಿಸು, ಬಡಿ, ಬಗ್ಗಿಸು, ಬೆಸೆ, ಒತ್ತು. ಪುಡಿ. ಮತ್ತೆ ಕರಗಿಸು. ಇರುವೆಗಳು ಘಟ್ಟದಿಂದ ಕುಲುಮೆಯವರೆಗೆ ದಾರಿ ಮಾಡಿಕೊಂಡವು. ಅವಳ ಸೆರಗಿನಲ್ಲಿ ಇರುವೆ, ಜಡೆಯಲ್ಲಿ ಇರುವೆ.

ಒಂದು ದಿನ ಆಚಾರಿ ಕೇಳಿದ. "ಒತ್ತುವಾಗ ಬೆರಳ ಕೆಳಗೆ ಯಾರಿದ್ದರು?"

ಚೆಲುವಿ ಸೆರಗಿನ ಇರುವೆ ಕೊಡವಿದಳು. "ಅತ್ತೆ."

"ಎಬ್ಬಿಸಿ ಕಳಿಸು. ಬತ್ತಾಸಿಗೆ ಜಾಗ ಸಾಲದು."

ಇನ್ನೊಂದು ತಿಂಗಳಾದ ಮೇಲೆ ಮತ್ತೆ ಕೇಳಿದ. "ಇವತ್ತು ಯಾರು?"

"ಗಂಡ."

"ಅವನು ಅಷ್ಟು ತೂಕದ ಆಳಾ?"

ಚೆಲುವಿ ಕರಗಿಸಲು ಎದ್ದಳು.

ಇತ್ತ ಬೀದಿಯಲ್ಲಿ ಬೇರೆಯದೇ ಬೇಯುತ್ತಿತ್ತು. ಅಂಗಡಿ ಮಾದಪ್ಪನ ಬಾಯಿ ಸುಮ್ಮನಿರುತ್ತದೆಯೇ? "ಆಚಾರಿ ಮನೆ ಹೆಂಗಸು ದಿನಾ ಬತ್ತಾಸು ಒಯ್ತಾಳೆ," ಅಂದುಬಿಟ್ಟ. ಘಟ್ಟಕ್ಕೆ ನೀರಿಗೆ ಹೋಗುವ ಹೆಂಗಸರು ನಾವು, ನಮಗೆ ಅಷ್ಟು ಸಾಕು.

"ಗಂಡನ್ನ ಬಿಟ್ಟವಳು ದಿನಾ ಸಿಹಿ ಬೇಡ್ತಾಳೆ ಅಂದ್ರೆ ಏನೇ ಅರ್ಥ?"

"ಬಯಕೆ ಕಣೇ! ಬಸುರಿ ಬಯಕೆ!"

"ಅಯ್ಯೋ ಶಿವನೇ. ಯಾರದ್ದೇ?"

"ಕುಲುಮೆ ಊದೋನು ಒಬ್ಬನೇ ಅಲ್ಲವಾ ಅಲ್ಲಿರೋದು?"

"ಥೂ, ಆ ಕೆಮ್ಮೋ ಮುದುಕನಾ!"

ನೀರಿಗೆ ಹೋದವರೆಲ್ಲ ಒಮ್ಮೆ ಇಣುಕಿ ಬಂದರು. ಚೆಲುವಿ ಬಾಯಿಗೆ ಬತ್ತಾಸಿನ ಪುಡಿ ಹಾಕಿಕೊಳ್ಳುವುದನ್ನು ನಾನೇ ಕಣ್ಣಾರೆ ಕಂಡೆ. ಒಡೆದದ್ದನ್ನು ಎಸೆಯಲು ಮನಸ್ಸಿಲ್ಲದೆ ತಿನ್ನುತ್ತಿದ್ದಳು ಅನ್ನುವುದು ಆಮೇಲೆ ಗೊತ್ತಾಯಿತು. ಆಗ ಯಾರಿಗೆ ಗೊತ್ತು? ಊರಿಗೆಲ್ಲ ತಿಳಿದ ಮಾತು ಅವಳೊಬ್ಬಳ ಕಿವಿಗೆ ಬೀಳಲಿಲ್ಲ. ಇಂಥ ಮಾತುಗಳೇ ಹಾಗೆ, ಸೇರಬೇಕಾದವರನ್ನು ಕೊನೆಗೆ ಸೇರುತ್ತವೆ.

ಅತ್ತೆಯ ಊರಿಗೆ ಮಾತ್ರ ಬೇಗ ಮುಟ್ಟಿತು.

ಏಳನೆಯ ತಿಂಗಳು. ಅವತ್ತು ಚೆಲುವಿಯ ಕಣ್ಣು ಕೆಂಪಾಗಿತ್ತು, ಬೆರಳ ತುದಿ ಸುಟ್ಟು ಕಪ್ಪಾಗಿತ್ತು. ಕಡ್ಡಿ ಹಿಡಿದು ಕೂತಳು. ಗೋಡೆಯ ಪೂರ್ವಕ್ಕೆ ಒಂದು ಸಲ ಒತ್ತಿದಳು, ಎದುರು ಪಶ್ಚಿಮಕ್ಕೆ ಒಂದು ಸಲ. ಉತ್ತರಕ್ಕೆ, ದಕ್ಷಿಣಕ್ಕೆ.

"ಇವತ್ತು ಬೆರಳ ಕೆಳಗೆ ಯಾರು?"

"ಯಾರೂ ಇಲ್ಲ ಗುರುಗಳೇ. ಎಲ್ಲರೂ ಸಾಕಾಗಿ ಹೋದರು."

ಮಾತು ಮುಗಿಯುವಷ್ಟರಲ್ಲಿ ಗೋಡೆ ಸುತ್ತಲೂ ಬಾಗಿತ್ತು. ಬತ್ತಾಸು ಒಡೆದಿರಲಿಲ್ಲ. ಬೆಳ್ಳಿಯ ನಡುವೆ ಬೆಳ್ಳಗೆ ಕೂತಿತ್ತು.

ಅವಳು ಅದನ್ನೇ ನೋಡುತ್ತಿರುವಾಗ ಬಾಗಿಲಲ್ಲಿ ಪುಟ್ಟನಂಜಮ್ಮ ನಿಂತಳು. ಮೊದಲ ಬಸ್ಸಿಗೇ ಬಂದಿದ್ದಳು. ಬೈಯಲು ಬಂದಳೋ ಕರೆಯಲು ಬಂದಳೋ ಅವಳಿಗೇ ಗೊತ್ತಿರಲಿಲ್ಲ. ಬಸಿರು ಮಗನದ್ದೋ ಮುದುಕನದ್ದೋ, ಮೊದಲು ಅದು ತಿಳಿಯಬೇಕಿತ್ತು. ಅವಳ ಬೆನ್ನ ಹಿಂದೆ ನಾವೆಲ್ಲ ಕೊಡ ಹಿಡಿದು ನಿಂತಿದ್ದೆವು.

"ಎಷ್ಟು ತಿಂಗಳೇ?" ಅಂದಳು ಪುಟ್ಟನಂಜಮ್ಮ.

ಚೆಲುವಿ ಉಂಗುರ ಮುಷ್ಟಿಯೊಳಗೆ ಹಿಡಿದು ತಲೆಯೆತ್ತಿದಳು. "ಏಳು."

ಮುದುಕಿ ಬೆರಳು ಮಡಚಿ ಮಡಚಿ ಎಣಿಸಿದಳು. ಮನೆ ಬಿಟ್ಟು ಏಳು ತಿಂಗಳು. ಹಾಗಾದರೆ ಮಗನದ್ದೇ! ಸೊಸೆಯ ಹೊಟ್ಟೆ ನೋಡಿದಳು. ಬಡಕಲು ಮೈ, ಚೊಚ್ಚಲು, ಕಾಣುವುದಿಲ್ಲ ಅಂತ ತಾನೇ ಸಮಾಧಾನ ಮಾಡಿಕೊಂಡಳು. ಒಳಗೆ ನುಗ್ಗಿ ತಬ್ಬಿಕೊಂಡಳು.

"ನನ್ನವ್ವ! ನಮ್ಮ ವಂಶ ಹೊತ್ತುಕೊಂಡು ಈ ಬೂದೀಲಿ ಕೂತಿದ್ದೀಯಲ್ಲೇ! ಬಾ, ಮನೆಗೆ ಬಾ. ಆ ಇನ್ನೊಂದು ಹೆಣ್ಣನ್ನ ಇವತ್ತೇ ಬೇಡ ಅಂತೀನಿ. ನಡುಮನೇಲಿ ಹಾಸಿಗೆ ಹಾಕ್ತೀನಿ."

ಚೆಲುವಿಗೆ ಆಗ ಅರ್ಥವಾಯಿತು.

ಮುಷ್ಟಿಯೊಳಗಿನ ಉಂಗುರ ತಿರುಗಿಸುತ್ತಾ ನಿಂತಳು. ಎಷ್ಟು ಹೊತ್ತು ಅಂತೀರಿ? ಕೊಡ ಹೊತ್ತ ನಮ್ಮ ಸೊಂಟ ನೋಯುವಷ್ಟು ಹೊತ್ತು. ಹೂಂ ಅಂದರೆ ಎರಡು ತಿಂಗಳಾದರೂ ಮೆತ್ತಗೆ ಮಲಗಬಹುದಿತ್ತು. ಮುಂದಿನದು ಮುಂದೆ. ಅವಳ ಮುಖದಲ್ಲಿ ಆಸೆ ಬಂದು ಹೋದದ್ದನ್ನು ನಾನು ಕಂಡೆ. ಆಚಾರಿಯ ಕಡೆ ನೋಡಿದಳು. ಅವನು ಇದ್ದಲು ಕೆದಕುತ್ತಿದ್ದ.

ಚೆಲುವಿ ಮುಷ್ಟಿ ಬಿಚ್ಚಿದಳು.

"ಏಳು ತಿಂಗಳಿಂದ ಕಲಿತಿರೋದು ಇದನ್ನ, ಅತ್ತೆ. ಇವತ್ತು ಮೊದಲನೇದು ಒಡೀದೆ ಕೂತಿದೆ. ಹೊಟ್ಟೇಲಿ ಏನೂ ಇಲ್ಲ."

"ಇದೇನೇ ಇದು?"

"ಬತ್ತಾಸು."

ಪುಟ್ಟನಂಜಮ್ಮ ತಬ್ಬಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ನಮ್ಮ ಕಡೆ ತಿರುಗಿ ಕಿರುಚಿದಳು. "ನೋಡ್ರವ್ವ, ಬಂಜೆ ಬತ್ತಾಸು ಹೆತ್ತಿದ್ದಾಳೆ! ತೊಟ್ಟಿಲು ತನ್ನಿ!"

ಮೊದಲು ಯಾರೋ ಒಬ್ಬಳು ಕಿಸಕ್ಕೆಂದಳು. ಆಮೇಲೆ ಎಲ್ಲರೂ ನಕ್ಕೆವು. ನಾನೂ ನಕ್ಕೆ, ಯಾಕೆ ಸುಳ್ಳು ಹೇಳಲಿ. ಮುದುಕಿ ಬಂದ ದಾರಿಯಲ್ಲೇ ಬೈಯುತ್ತಾ ಹೋದಳು. "ಸತ್ತರೂ ನಮ್ಮ ಹೊಸ್ತಿಲು ತುಳೀಬೇಡ" ಅನ್ನುವುದು ಘಟ್ಟದ ಆಚೆಯಿಂದಲೂ ಕೇಳಿಸಿತು.

ಚೆಲುವಿ ಕುಲುಮೆಯ ಪಕ್ಕ ಕೂತಳು.

"ಒಂದು ಸುಳ್ಳು ಹೇಳಿದ್ದರೆ ಮನೆ ಇರ್ತಿತ್ತು, ಗುರುಗಳೇ."

ಆಚಾರಿ ಕೈ ಚಾಚಿದ. ಉಂಗುರ ಕೊಟ್ಟಳು. ತಿರುಗಿಸಿ ನೋಡಿದ, ಉಗುರಿನಿಂದ ಅಂಚು ಸವರಿದ. ಆಮೇಲೆ ಪಕ್ಕದ ನೀರಿನ ಬಾನಿಗೆ ಹಾಕಿಬಿಟ್ಟ.

"ಅಯ್ಯೋ!" ಚೆಲುವಿ ಬಾನಿಗೆ ಕೈ ಹಾಕಲು ಹೋದಳು. ಅವನು ತಡೆದ.

"ಏಳು ತಿಂಗಳು, ಗುರುಗಳೇ! ಏಳು ತಿಂಗಳು ನೀರುಪಾಲಾಯ್ತಲ್ಲ!"

ಆಚಾರಿ ಕೆಮ್ಮಿದ. ಎಲೆ ಅಡಿಕೆ ಹಾಕಿಕೊಂಡ. ನಿಧಾನವಾಗಿ ಅಗಿದ. ನಮ್ಮಲ್ಲಿ ಅರ್ಧ ಜನ ಬೇಸರ ಬಂದು ಹೊರಟರು. ನಾನು ನಿಂತೆ.

ಬಾನಿಯಿಂದ ಉಂಗುರ ತೆಗೆದ. ಸಕ್ಕರೆ ಹೋಗಿತ್ತು. ಬೆಳ್ಳಿಯ ಗೋಡೆ ಎಲ್ಲೂ ಸುಕ್ಕಿಲ್ಲದೆ, ಸೊಟ್ಟಿಲ್ಲದೆ, ದುಂಡಗೆ ನಿಂತಿತ್ತು. ಕರಗಿಸು ಅನ್ನುತ್ತಾನೆ ಅಂತ ಚೆಲುವಿ ಅಭ್ಯಾಸಬಲದಿಂದ ಏಳಲು ಹೋದಳು.

ಅವನು ಉಂಗುರವನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದ.

"ಮನೆ ಗಟ್ಟಿಯಾಗಿದೆ," ಅಂದ. "ಇನ್ನು ಯಾರನ್ನ ಕೂರಿಸ್ತೀಯೋ, ನಿನ್ನಿಷ್ಟ."