ಬಾಗಿಲಾದ ಅಮೀನ

ಸೋರೆಕೋಟೆ ಅಂತ ಒಂದು ರಾಜ್ಯ. ಯಾವ ದಿಕ್ಕಿಗಿದೆ ಅಂತ ಕೇಳಬೇಡಿ. ಹುಡುಕಿಕೊಂಡು ಹೊರಟರೆ ಬುತ್ತಿ ಮುಗಿಯುತ್ತೆ, ಊರು ಸಿಗಲ್ಲ.

ಆ ರಾಜ್ಯದಲ್ಲಿ ಮನೆ ಇದ್ದವರೆಲ್ಲ ವರ್ಷಕ್ಕೊಂದು ಸಲ ಮನೆಗಂದಾಯ ಕಟ್ಟಬೇಕು. ಕಟ್ಟದಿದ್ದರೆ ಜಪ್ತಿ ಅಮೀನ ಬರ್ತಾನೆ. ಬಂದು ಏನು ಹೊತ್ತುಕೊಂಡು ಹೋಗ್ತಾನೆ ಹೇಳಿ? ಚಿನ್ನ ಅಲ್ಲ, ಚೆಂಬೂ ಅಲ್ಲ. ಬಾಗಿಲು! ಅಲ್ಲಿನ ಪದ್ಧತಿಯೇ ಹಾಗೆ. ಬಾಗಿಲಿಲ್ಲದ ಮನೇಲಿ ಯಾರಿಗೆ ತಾನೆ ನೆಮ್ಮದಿ? ಜನ ಸಾಲ ಮಾಡಿಯಾದರೂ ತಂದು ಕಟ್ಟುತ್ತಿದ್ದರು.

ಅಮೀನನ ಹೆಸರು ಚೆಲುವಯ್ಯ. ಚೆಲುವು ಹೆಸರಲ್ಲಿ ಮಾತ್ರ. ಕಂದಾಯದ ಜೊತೆಗೆ 'ಕಾಲ್ಸವೆತದ ಕೂಲಿ' ಅಂತ ಒಂದನ್ನ ತಾನೇ ಹುಟ್ಟಿಸಿಕೊಂಡಿದ್ದ. ಒಂದು ಸಲ ಬಂದರೆ ಒಂದು ಹಣ, ಎರಡನೇ ಸಲಕ್ಕೆ ಎರಡು, ಮೂರನೇ ಸಲಕ್ಕೆ ನಾಲ್ಕು. ಅವನ ಕಾಲು ಸವೆದಿದ್ದನ್ನ ಯಾರೂ ಕಂಡಿರಲಿಲ್ಲ. ಹೊಟ್ಟೆ ಬೆಳೆದಿದ್ದನ್ನ ಮಾತ್ರ ಎಲ್ಲರೂ ಕಂಡಿದ್ದರು.

ಅದೇ ಊರಲ್ಲಿ ನಿಂಗಾಜಮ್ಮ ಅಂತ ಹಪ್ಪಳ ಮಾಡಿ ಬದುಕೋ ಹೆಂಗಸು. ಎಲ್ಲದರ ಬಗ್ಗೆಯೂ ಅವಳಿಗೆ ಕುತೂಹಲ. ಇರುವೆ ಸಾಲು ಕಂಡರೆ ಎಲ್ಲಿಗೆ ಹೋಗ್ತವೆ ಅಂತ ಹಿಂದೇ ಹೋಗೋಳು. ಆ ವರ್ಷ ಹಿಡಿದ ಮಳೆ ಬಿಡಲೇ ಇಲ್ಲ. ಹಪ್ಪಳ ಒಣಗಲಿಲ್ಲ, ಕಂದಾಯ ಬಾಕಿ ಬಿತ್ತು.

ಅಮೀನ ಮೊದಲನೇ ಸಲ ಬಂದ. ಮೊಳದುದ್ದದ ಕಾಗದ ಬಿಚ್ಚಿ ಒಂದು ಸಾಲು ಗುಡುಗಿದ: "ಕಂದಾಯ ಕಟ್ಟದವರ ಬಾಗಿಲು ಕೀಳತಕ್ಕದ್ದು!"

"ಕಾಗದ ಇಷ್ಟುದ್ದ ಇದೆ, ಓದಿದ್ದು ಒಂದೇ ಸಾಲು. ಮಿಕ್ಕಿದ್ದರಲ್ಲಿ ಏನಿದೆ ಬುದ್ಧಿ?"

"ಅದು ನಿನಗ್ಯಾಕೆ? ದುಡ್ಡು ಬಿಚ್ಚು!"

ಎರಡನೇ ಸಲ ಬಂದ. ನಿಂಗಾಜಮ್ಮ ಸೆರಗಿನ ಗಂಟು ಬಿಚ್ಚಿದಳು. "ಅರ್ಧ ಕಂದಾಯ ಇದೆ ಬುದ್ಧಿ, ತಗೊಳ್ಳಿ. ಬಿಸಿಲು ಬಿದ್ದ ಎಂಟು ದಿನಕ್ಕೆ ಉಳಿದರ್ಧ ಕಟ್ತೀನಿ."

"ಮೊದಲು ನನ್ನ ಕಾಲ್ಸವೆತ ಇಡು, ಕಂದಾಯ ಆಮೇಲೆ!"

"ಕಾಲ್ಸವೆತ ಕಾಗದದ ಎಷ್ಟನೇ ಸಾಲಲ್ಲಿದೆ ಬುದ್ಧಿ?"

ಅಮೀನನಿಗೆ ಕೆಮ್ಮು ಬಂತು. ಕೆಮ್ಮುತ್ತಲೇ ಹೋದ.

ಮೂರನೇ ಸಲ ಹಾರೆ ಹಿಡಿದೇ ಬಂದ. ಒಳಗೆ ಚಾಪೆ ತುಂಬ ಹಸಿ ಹಪ್ಪಳ. ಬಾಗಿಲು ಹೋದರೆ ಆಡು, ಕಾಗೆ, ನಾಯಿ ಎಲ್ಲಕ್ಕೂ ಹಬ್ಬ. ಅವಳ ವರ್ಷದ ಅನ್ನವೇ ಹೋದ ಹಾಗೆ. ಬೇಡ ಅಂದರೂ ಕೇಳದೆ ಅಮೀನ ಬಾಗಿಲು ಕಿತ್ತು ಬೀದಿಗೆ ಇಟ್ಟೇಬಿಟ್ಟ. ಜನ ಸೇರಿದರು.

ನಿಂಗಾಜಮ್ಮ ಅಳಲಿಲ್ಲ. "ಕಿತ್ತಿದ್ದಾಯ್ತು. ಈಗಲಾದರೂ ಕಾಗದ ಪೂರ್ತಿ ಓದಿ ಬುದ್ಧಿ. ನಿಮ್ಮದು ಕಂಚಿನ ಕಂಠ, ಬೀದಿಯವರೂ ಕೇಳಲಿ."

ಕಂಚಿನ ಕಂಠ ಅಂದರೆ ಯಾರು ಉಬ್ಬಲ್ಲ? ಅಮೀನ ಎದೆ ಸೆಟೆಸಿ ಶುರು ಮಾಡಿದ. ಪಾಪ, ಅಷ್ಟು ವರ್ಷದಲ್ಲಿ ಅವನೂ ಮೊದಲನೇ ಸಾಲು ದಾಟಿರಲಿಲ್ಲ.

"ಕಿತ್ತ ಬಾಗಿಲು ಜೋಪಾನ ಮಾಡತಕ್ಕದ್ದು!" ಅಂದ, ಗುಡುಗಿನಂತೆ. "ಬಾಗಿಲು ತಿರುಗಿ ಕೂಡಿಸುವ ತನಕ ಕಿತ್ತವನೇ ಹೊಸ್ತಿಲಲ್ಲಿ ನಿಂತು ಮನೆ ಕಾಯತಕ್ಕದ್ದು" ಅಂದ, ಗೊಣಗಿನಂತೆ. "ಒಳಗಿನದು ಒಂದು ಹೋದರೆ ಹತ್ತು ತೆರತಕ್ಕದ್ದು..." ಅದು ಅವನ ಮೀಸೆಗೂ ಕೇಳಿಸಲಿಲ್ಲ, ಮುಂದೆಯೇ ನಿಂತಿದ್ದ ಅಗಸನಿಗೆ ಮಾತ್ರ ಕೇಳಿಸಿತು.

"ಹಂಗಾದರೆ ನಿಂತ್ಕೊಳ್ಳಿ ಬುದ್ಧಿ" ಅಂದಳು ನಿಂಗಾಜಮ್ಮ.

ಕಿತ್ತ ಬಾಗಿಲು ಅಲ್ಲೇ ಕೂಡಿಸಿದರೆ ಊರು ನಗುತ್ತೆ. ನಾಳೆ ಇವಳೇ ದುಡ್ಡು ತಂದು ಕಾಲಿಗೆ ಬೀಳ್ತಾಳೆ ಅಂತ ಅಮೀನ ನಿಂತ. ಮೊದಲನೇ ದಿನ ಆಡು ಬಂದು ಅವನ ಪಂಚೆ ಮೇಯಿತು. ಎರಡನೇ ದಿನ ಕಾಗೆ ಬಂದು ಪೇಟದ ಮೇಲೆ ಕೂತಿತು. ಮೂರನೇ ದಿನ ಪಕ್ಕದ್ಮನೆ ಸಣ್ಣತಾಯಮ್ಮ ಉಪ್ಪು ಕೇಳೋಕೆ ಬಂದಳು. ಅಮೀನನ ಹೊಟ್ಟೆ ಮೇಲೆ ಟಕ್ ಟಕ್ ಟಕ್ ಅಂತ ತಟ್ಟಿದಳು.

"ಏಯ್! ಏನಿದು?"

"ತಟ್ಟದೇ ಒಳಗೆ ಹೋದರೆ ಮರ್ಯಾದೆಯಾ ಬುದ್ಧಿ? ನೀವೇ ಹೇಳಿ." ಆಮೇಲೆ ಮೆಲ್ಲಗೆ ಕೇಳಿದಳು: "ಅಂದಹಾಗೆ, ನಮ್ಮನೆ ಕಂದಾಯ ಕಟ್ಟಿಯಾಯ್ತು. ಕಾಲ್ಸವೆತ ಬಾಕಿ ಅಂತ ನಮ್ಮ ಬಾಗಿಲು ಇನ್ನೂ ನಿಮ್ಮ ಹಿತ್ತಲಲ್ಲೇ ಇದೆ. ನಮ್ಮನೆ ಹೊಸ್ತಿಲಿಗೆ ಯಾವಾಗ ಬರ್ತೀರಿ?"

"ನಮ್ಮನೆಗೆ?" ಅಂದ ಬೀದಿಯಲ್ಲಿ ನಿಂತಿದ್ದ ಬಡಗಿ.

"ಬಾಗಿಲಿಲ್ಲದೆ ನಮ್ಮದೊಂದು ಹುಂಜ ಹೋಗಿದೆ. ಹತ್ತು ಹುಂಜ ಯಾವಾಗ ಕೊಡ್ತೀರಿ?" ಅಂದ ಅಗಸ.

ಹೀಗೆ ಬಾಗಿಲು ಹೋದವು ಎಣಿಸಿದರೆ ಹನ್ನೊಂದು ಮನೆ. ಅಮೀನ ಒಬ್ಬನೇ. ಪೇಟ ತೆಗೆದು ಕೈ ಮುಗಿದ. "ನಿಂಗಾಜಮ್ಮ, ತಾಯೀ, ನಿನ್ನ ಬಾಗಿಲು ಕೂಡಿಸ್ತೀನಿ. ಕಾಲ್ಸವೆತವೂ ಬೇಡ, ಕೈಸವೆತವೂ ಬೇಡ!"

"ಅವರೆಲ್ಲರದ್ದೂ?"

"ಎಲ್ಲರದ್ದೂ!"

ಅವತ್ತು ಊರೆಲ್ಲ ಬೀದಿಗೆ ಬಂದು ನೋಡಿತು. ಅಮೀನ ಬಾಗಿಲು ತಲೆ ಮೇಲೆ ಹೊತ್ತು ಮನೆಮನೆ ತಿರುಗಿದ. ಪಾಪ, ಕಾಲು ಸವೆದಿದ್ದು ಅವತ್ತೇ ಇರಬೇಕು.

ಬಿಸಿಲು ಬಿತ್ತು. ಎಂಟನೇ ದಿನಕ್ಕೆ ನಿಂಗಾಜಮ್ಮ ಅರಮನೆಗೆ ತಾನೇ ಹೋಗಿ ಪೂರ್ತಿ ಕಂದಾಯ ಕಟ್ಟಿ ರಸೀದಿ ಈಸಿಕೊಂಡಳು. ರಸೀದಿಯ ಹಿಂದುಗಡೆ ಏನಾದರೂ ಬರೆದಿದೆಯಾ ಅಂತ ತಿರುಗಿಸಿಯೂ ನೋಡಿದಳು.

ನೀತಿ ಇಷ್ಟೇ ಕಣ್ರಪ್ಪಾ: ಕೊಡಬೇಕಾದ್ದನ್ನ ಕೊಟ್ಟುಬಿಡಿ. ಆದರೆ ಕಾಗದ ತೋರಿಸಿ ಹೆದರಿಸೋನು ಬಂದರೆ, ನಡುಗೋದು ಆಮೇಲೆ ಇರಲಿ, ಮೊದಲು ಕೊನೇ ಸಾಲಿನ ತನಕ ಓದಿಸಿ.