ಆಮೆಯ ಕುಬುಸ

"ಅವ್ವಾ, ನಮ್ಮ ಹಿತ್ತಲಲ್ಲಿ ಒಂದೇ ಆಮೆ ಇದೆ. ಅದಕ್ಕೊಂದು ಜೊತೆ ತರಬೇಕೋ, ಒಂಟಿಯಾಗಿಯೇ ಬಿಡಬೇಕೋ?" ಎಂದು ನೀಲಗಂಗಾ ಕೇಳಿದಳು.

ತತ್ವಪದ ಕಲಿಸುವ ಹಾಲವ್ವ ತಂಬೂರಿಯನ್ನು ಗೋಡೆಗೆ ಒರಗಿಸಿದಳು. ಎದ್ದು ಬಾಗಿಲು ಮುಂದೆ ಮಾಡಿ ಬಂದಳು. ದನಿ ತಗ್ಗಿಸಿದಳು.

"ಹೇಳುತ್ತೇನೆ. ಆದರೆ ಇದು ನಿನ್ನ ಗಂಡನ ಕಿವಿಗೂ ಬೀಳಬಾರದು. ನಿನ್ನ ಅತ್ತೆಗಂತೂ ಬೇಡವೇ ಬೇಡ. ಆ ಮುದುಕಿಯ ಬಾಯಿಗೆ ಸಿಕ್ಕರೆ ನಾಳೆ ಹಿಟ್ಟಿನ ಗಿರಣಿಯಲ್ಲಿ ಜೋಳಕ್ಕಿಂತ ಮೊದಲು ಇದನ್ನೇ ಬೀಸುತ್ತಾರೆ. ಆಣೆ ಮಾಡು."

ನೀಲಗಂಗಾ ತಂಬೂರಿ ಮುಟ್ಟಿ ಆಣೆ ಮಾಡಿದಳು. ಹಾಲವ್ವ ಕತೆ ಶುರು ಮಾಡಿದಳು.

ಒಂದೂರಿನಲ್ಲಿ ಒಬ್ಬ ಎಣ್ಣೆ ವ್ಯಾಪಾರಿಯ ಹೆಂಡತಿ ಇದ್ದಳು. ಯಾರಾದರೂ ಒಂಟಿಯಾಗಿರುವುದನ್ನು ಕಂಡರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಅಂಚೆಯವನ ಹೆಂಡತಿ ಸತ್ತು ಮೂರು ತಿಂಗಳಾಗಿರಲಿಲ್ಲ, ಅವನನ್ನು ಹಿಡಿದು ಇನ್ನೊಂದು ತಾಳಿ ಕಟ್ಟಿಸಿದಳು. ಅವನು ಇಂದಿಗೂ ಅವಳ ಮನೆಯ ಕಾಗದವನ್ನು ಬೇಲಿಯಾಚೆಯಿಂದಲೇ ಎಸೆದು ಓಡುತ್ತಾನೆ.

ಪಕ್ಕದ ಮನೆಯಲ್ಲಿ ಒಬ್ಬ ದರ್ಜಿ ಹೆಂಗಸು ಇದ್ದಳು. ಗಂಡನಿಲ್ಲ, ಮಕ್ಕಳಿಲ್ಲ. ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಹಾಡು ಗುನುಗುತ್ತ ಹೊಲಿಯುತ್ತಿದ್ದಳು. ವ್ಯಾಪಾರಿಯ ಹೆಂಡತಿಗೆ ಅದು ಸಂಕಟ. ದುಃಖವಿಲ್ಲದೆ ಒಬ್ಬಳೇ ಕೂತು ಯಾರು ಹಾಡುತ್ತಾರೆ? ದಿನವೂ ಉಂಡ ಕೈ ತೊಳೆದವಳೇ ಹೋಗಿ ಬಾಗಿಲು ಬಡಿದು, ಹೊಲಿಗೆ ಯಂತ್ರದ ಪಕ್ಕವೇ ಕೂರುತ್ತಿದ್ದಳು. ದೀಪ ಹಚ್ಚುವವರೆಗೆ ಊರಿನ ಸುದ್ದಿಯೆಲ್ಲ ಹೇಳಿ, ಪುಣ್ಯ ಕಟ್ಟಿಕೊಂಡು ಬರುತ್ತಿದ್ದಳು. ದರ್ಜಿಯ ಹಾಡು ನಿಂತಿತು. ಪಾಪ, ಸಮಾಧಾನವಾಯಿತು ಎಂದುಕೊಂಡಳು.

ಇವಳ ಹಿತ್ತಲಲ್ಲಿ ಒಂದು ಆಮೆಯಿತ್ತು. ಹನ್ನೊಂದು ವರ್ಷ ಒಂದೇ ಇತ್ತು. ಬಿಸಿಲಿಗೆ ಬರುತ್ತಿತ್ತು, ಸೊಪ್ಪು ತಿನ್ನುತ್ತಿತ್ತು, ಕಲ್ಲಿನಡಿಗೆ ಹೋಗುತ್ತಿತ್ತು. ಒಂದು ದಿನ ಇವಳಿಗೆ ಅದರ ಕಣ್ಣಲ್ಲಿ ನೀರು ಕಂಡಿತು. ಸೊಳ್ಳೆಗೆಂದು ಹೊಗೆ ಹಾಕಿದ್ದು ಇವಳೇ, ಆ ಮಾತು ಬೇರೆ. ಕುರಿ ಕಾಯುವವನಿಗೆ ಹೇಳಿ ಇನ್ನೊಂದು ಆಮೆ ತರಿಸಿದಳು. ಸುಮ್ಮನೆ ಕೂಡಿಸಿಬಿಟ್ಟರೆ ಓಣಿ ಏನೆನ್ನುತ್ತದೆ? ಮದುವೆಯನ್ನೇ ಮಾಡಿದಳು.

ಐವರು ಮುತ್ತೈದೆಯರು ಸೇರಿ ಎರಡಕ್ಕೂ ಅರಿಸಿನ ಹಚ್ಚಿದರು. ಅಯ್ಯನವರು ಅಕ್ಷತೆ ಹಿಡಿದು, "ಹೆಣ್ಣು ಯಾವುದಮ್ಮಾ?" ಎಂದರು.

"ಅದೇನು ಕೇಳುತ್ತೀರಿ? ನಾಚಿ ತಲೆ ಒಳಗೆಳೆದುಕೊಂಡಿದೆಯಲ್ಲ, ಅದೇ."

ಎರಡೂ ಎಳೆದುಕೊಂಡಿದ್ದವು. ಸೋಬಾನೆಯವರು ಬಾಯಿ ತೆರೆದುಕೊಂಡೇ ಕಾದರು. ಕೊನೆಗೆ ಹೊಸ ಆಮೆ ಮೊದಲು ತಲೆ ಹೊರಹಾಕಿತು. ಅದು ಗಂಡಾಯಿತು. ಅಕ್ಷತೆ ಬಿತ್ತು.

ಅಂದಿನಿಂದ ಗಂಡು ಹೆಣ್ಣಿನ ಬೆನ್ನು ಬಿಡಲಿಲ್ಲ. ಅದು ಬಿಸಿಲಿಗೆ ಬಂದರೆ ಇದು ಮೇಲೇರುತ್ತಿತ್ತು. ಅದಕ್ಕೆ ಸೊಪ್ಪು ಹಾಕಿದರೆ ಇದು ಅಡ್ಡ ಬಂದು ನಿಲ್ಲುತ್ತಿತ್ತು. ಓಣಿಯ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನೋಡಿದರು. "ನಮ್ಮ ಮನೆಯವರು ಒಂದು ದಿನವಾದರೂ ಹೀಗೆ ಹಿಂದೆ ಬಿದ್ದಿದ್ದಾರೆಯೇ!" ಎಂದು ಗಿರಣಿಯವನ ಹೆಂಡತಿ ನಿಟ್ಟುಸಿರು ಬಿಟ್ಟಳು. ತಿಂಗಳೊಪ್ಪತ್ತಿನಲ್ಲಿ ಹೆಣ್ಣು ತಿನ್ನುವುದನ್ನು ಬಿಟ್ಟಿತು. ಕಲ್ಲಿನಡಿಯಿಂದ ಹೊರಗೇ ಬರಲಿಲ್ಲ.

"ಬಸುರಿ!" ಎಂದು ವ್ಯಾಪಾರಿಯ ಹೆಂಡತಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಚೊಚ್ಚಲ ಬಸುರಿಗೆ ಹಸಿರು ಕುಬುಸ ತೊಡಿಸಬೇಕಲ್ಲ? ದಿನ ಗೊತ್ತು ಮಾಡಿ, ಅದೇ ಐವರನ್ನು ಸೇರಿಸಿ, ಅಳತೆ ತೆಗೆಯಲು ದರ್ಜಿಯನ್ನು ಕೈ ಹಿಡಿದು ಎಳೆತಂದಳು.

ದರ್ಜಿ ಅಂಬಿಗರ ಮನೆಯಲ್ಲಿ ಹುಟ್ಟಿದವಳು, ಆಮೆ ಬಲ್ಲವಳು. ಕಲ್ಲು ಸರಿಸಿ ಎತ್ತಿದಳು. ಆಮೆ ಕೈಗೆ ಹಗುರವಾಗಿತ್ತು. ಕತ್ತಿನ ಮೇಲೆ ಗಾಯವಿತ್ತು. ಹೊಸ ಆಮೆ ಅದರ ಕಾಲನ್ನು ಕಚ್ಚಿ ಹಣ್ಣು ಮಾಡಿತ್ತು. ಮಗುಚಿ ಹೊಟ್ಟೆ ನೋಡಿದಳು. ಇನ್ನೊಂದನ್ನೂ ಮಗುಚಿ ನೋಡಿದಳು.

"ಎರಡೂ ಗಂಡು. ಇದು ಬಸುರಲ್ಲ, ಹಸಿವು. ಇನ್ನೆರಡು ದಿನ ಹೀಗೇ ಬಿಟ್ಟರೆ ಸಾಯುತ್ತದೆ."

ಸೋಬಾನೆ ಹಾಡಿದ್ದ ಐವರೂ ಒಬ್ಬರ ಹಿಂದೊಬ್ಬರು ಹೊರಗೆ ನಡೆದರು. ಅಷ್ಟು ನಗುವುದಕ್ಕೆ ಹಿತ್ತಲು ಸಾಲದು, ಬೀದಿಯೇ ಬೇಕಿತ್ತು.

ದರ್ಜಿ ಬಡಕಲು ಆಮೆಯನ್ನು ಮಡಿಲಿಗೆ ಹಾಕಿಕೊಂಡು ತನ್ನ ಮನೆಗೆ ಹೊರಟಳು. ವ್ಯಾಪಾರಿಯ ಹೆಂಡತಿ ಅಡ್ಡ ನಿಂತಳು. ಆಮೆ ಸಾಯುವುದಕ್ಕಿಂತ ಹೆಚ್ಚಾಗಿ, ಅದನ್ನು ಒಂಟಿ ಮಾಡುತ್ತಾಳಲ್ಲ ಎಂದು ಅವಳ ಹೊಟ್ಟೆ ಉರಿಯಿತು.

"ಜೊತೆ ಎಂದರೇನು ಎಂದು ನಿನಗೇನು ಗೊತ್ತು? ನಾನು ದಿನಾ ಬಂದು ಕೂರದಿದ್ದರೆ ನೀನು ಎಂದೋ ಹುಚ್ಚಿಯಾಗುತ್ತಿದ್ದೆ!"

ಇಷ್ಟು ಹೇಳಿ ಹಾಲವ್ವ ತಂಬೂರಿಗೆ ಕೈ ಹಾಕಿದಳು.

"ಆಮೆ ಬದುಕಿತೇ, ಅವ್ವಾ?"

"ಬದುಕದೆ ಏನು? ಒಂಟಿಯಾಗಿದೆ, ದುಂಡಗಿದೆ."

"ದರ್ಜಿ ಆ ಹೆಂಗಸಿಗೆ ಏನೆಂದಳು?"

"ನನ್ನ ಮುಖಕ್ಕೇ ಅಂದಳು, ನೀಲಗಂಗಾ: 'ಆಮೆಗಾದರೂ ಒಳಗೆ ಸೇರಿಕೊಳ್ಳಲು ಚಿಪ್ಪಿತ್ತು, ನೀನು ಬಂದು ಕೂತರೆ ನಾನು ಎಲ್ಲಿಗೆ ಹೋಗಲಿ?'"